ಒಳಹೊಲಿಗೆಯ ಐದು ಸಾಲು

ನಮ್ಮ ಅತ್ತೆ, ಅಂದರೆ ಅಪ್ಪನ ಅಕ್ಕ, ಜನ್ಮದಲ್ಲಿ ಒಂದು ಹೊಸ ಬಟ್ಟೆ ಹೊಲಿದವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಬೀದಿಯವರು ಅವಳನ್ನು ಟೈಲರಮ್ಮ ಎಂದು ಕರೆಯುತ್ತಾರೆ, ಕರೆದಾಗೆಲ್ಲ ಅವಳು ಮುಖ ಸಿಂಡರಿಸುತ್ತಾಳೆ. "ನಾನು ಟೈಲರ್ ಅಲ್ಲಪ್ಪ. ಇನ್ನೊಬ್ಬರು ಹೊಲಿದಿದ್ದನ್ನ ಸರಿ ಮಾಡೋಳು ಅಷ್ಟೇ," ಅನ್ನುತ್ತಾಳೆ. ಎಲ್ಲೋ ದೂರದ ದೇಶದ ದಪ್ಪ ದಪ್ಪ ಗಂಡಸರು ತೊಟ್ಟು ಬಿಟ್ಟ ಅಂಗಿ, ಪ್ಯಾಂಟು, ಕೋಟುಗಳನ್ನು ನಮ್ಮಂಥ ಸಣಕಲರ ಮೈಗೆ ಕೂರುವ ಹಾಗೆ ಮಾಡುವುದು ಅವಳ ಕೆಲಸ. ನಲವತ್ತು ವರ್ಷ ಅದನ್ನೇ ಮಾಡಿದ್ದಾಳೆ. ಅಂಗಡಿಯಿಲ್ಲ, ಬೋರ್ಡಿಲ್ಲ. ಎರಡು ಕೋಣೆಯ ಮನೆ, ಕಿಟಕಿಯ ಪಕ್ಕ ಕಾಲಿನಲ್ಲಿ ಮೆಟ್ಟುವ ಹೊಲಿಗೆ ಯಂತ್ರ, ಆದ ಬಟ್ಟೆ ನೇತು ಹಾಕಲು ಗೋಡೆಗೆ ನಾಲ್ಕು ಮೊಳೆ.

ನಾನು ಸಿಟಿ ಬಸ್ಸಿನ ಕಂಡಕ್ಟರ್. ದಿನವಿಡೀ "ಮುಂದೆ ಹೋಗಿ, ಮುಂದೆ ಹೋಗಿ" ಎಂದು ಗಂಟಲು ಹರಿದುಕೊಳ್ಳುವವಳಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ, ಸುತ್ತಿ ಬಳಸಿ ಹೇಳಲೂ ಬರುವುದಿಲ್ಲ. ಅತ್ತೆಯ ಮನೆ ನಮ್ಮ ಮನೆಯಿಂದ ಮೂರು ಬಾಗಿಲು ಆಚೆ. ಕೆಲಸಕ್ಕೆ ಸೇರಿದಾಗ ನನಗೆ ಕೊಟ್ಟದ್ದು ನಿವೃತ್ತನಾದ ಯಾವನೋ ಕಂಡಕ್ಟರನ ಹಳೆಯ ಕೋಟು. ಅದರೊಳಗೆ ನನ್ನಂಥ ಇಬ್ಬರು ಆರಾಮಾಗಿ ಕೂರಬಹುದಿತ್ತು. ಅತ್ತೆ ಒಂದೇ ಮಧ್ಯಾಹ್ನದಲ್ಲಿ ಅದನ್ನು ನನ್ನದು ಮಾಡಿಕೊಟ್ಟಳು. ಆಮೇಲೆ ಬಂದ ಯೂನಿಫಾರ್ಮುಗಳೂ ಅವಳ ಕೈ ದಾಟಿಯೇ ನನ್ನ ಮೈಮೇಲೆ ಬಂದವು.

ಭಾನುವಾರ ಬೆಳಿಗ್ಗೆ ರೈಲ್ವೆ ಸೇತುವೆಯ ಕೆಳಗೆ ಹಳೆ ಬಟ್ಟೆಯ ಸಂತೆ ನಡೆಯುತ್ತದೆ. ಪಟ್ಟಿ ಬಿಗಿದ ಮೂಟೆಗಳು ಲಾರಿಯಿಂದ ಇಳಿಯುತ್ತವೆ. ಪಟ್ಟಿ ಕತ್ತರಿಸಿದ ಕೂಡಲೇ ಬಟ್ಟೆ ಉಬ್ಬಿಕೊಂಡು ಹೊರಗೆ ಬೀಳುತ್ತದೆ, ಮುಗ್ಗಲು ವಾಸನೆ ಮೂಗಿಗೆ ಹೊಡೆಯುತ್ತದೆ. ಮೂಟೆ ಬಿಚ್ಚುವ ಹೊತ್ತಿಗೆ ಅತ್ತೆ ಅಲ್ಲಿರಲೇಬೇಕು. ಒಂದೊಂದೇ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುವಳು, ಕಂಕುಳು ಸವೆದಿದೆಯಾ, ಕಾಲರಿನ ಮಡಿಕೆ ಹರಿದಿದೆಯಾ ಎಂದು ಉಗುರಿನಲ್ಲಿ ಗೀರುವಳು. ಎಷ್ಟು ದೊಡ್ಡದಾದರೂ ಚಿಂತೆಯಿಲ್ಲ, ಬಟ್ಟೆ ಗಟ್ಟಿಯಿರಬೇಕು. "ದೊಡ್ಡದನ್ನ ಚಿಕ್ಕದು ಮಾಡಬಹುದು ಕಣೇ. ಚಿಕ್ಕದನ್ನ ದೊಡ್ಡದು ಮಾಡೋಕೆ ಆ ಬ್ರಹ್ಮ ಬಂದ್ರೂ ಆಗಲ್ಲ," ಎನ್ನುವಳು.

ಅಂಗಿಯ ಒಳಮೈಯನ್ನು ಹೊರಗೆ ತಿರುಗಿಸಿ ತೊಡಿಸುವುದು, ಎರಡೂ ಬದಿಯಲ್ಲಿ ಹೆಚ್ಚಾದದ್ದನ್ನು ಚಿವುಟಿ ಹಿಡಿದು ಗುಂಡುಸೂಜಿ ಚುಚ್ಚುವುದು, ಕೈ ಎತ್ತಿಸಿ ಇಳಿಸಿ ಕೂರಿಸಿ ಬಗ್ಗಿಸಿ ನೋಡುವುದು, ಮೈಸೋಪು ಸವೆದು ಉಳಿದ ತೆಳ್ಳನೆ ಚೂರಿನಿಂದ ಕಂಕುಳಿನಿಂದ ಕೆಳಗಿನ ಅಂಚಿನವರೆಗೆ ಗೆರೆ ಎಳೆಯುವುದು, ಆ ಗೆರೆಯ ಮೇಲೆ ಹೊಲಿಯುವುದು. ಹೇಳುವುದಕ್ಕೆ ಇಷ್ಟೇ. ನಾನೂ ಒಮ್ಮೆ ಪ್ರಯತ್ನಪಟ್ಟು ಒಂದು ಒಳ್ಳೆಯ ಅಂಗಿಯನ್ನು ದಿಂಬಿನ ಚೀಲ ಮಾಡಿಟ್ಟಿದ್ದೇನೆ. ಬಟ್ಟೆಯೇ ಸರಿಯಿಲ್ಲ ಎಂದು ನಾನು ಗೊಣಗಿದಾಗ ಅತ್ತೆ, "ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಲಂತೆ," ಎಂದು ಬೀದಿಗೆಲ್ಲ ಕೇಳುವ ಹಾಗೆ ನಕ್ಕಳು.

ಅವಳದೊಂದು ಹಟವಿತ್ತು. ಹೆಚ್ಚಾದ ಬಟ್ಟೆಯನ್ನು ಕತ್ತರಿಸುತ್ತಿರಲಿಲ್ಲ, ಒಳಗೇ ಮಡಚಿ ಬಿಡುತ್ತಿದ್ದಳು. "ಮೈ ಅನ್ನೋದು ಒಂದೇ ತರ ಇರುತ್ತಾ? ನಾಳೆ ದಪ್ಪ ಆದ್ರೆ ಬಿಚ್ಚಿ ಕೊಡ್ತೀನಿ." ಇನ್ನೂ ಬಿಗಿ ಮಾಡಬೇಕಾದರೆ ಹಳೆಯ ಹೊಲಿಗೆಯನ್ನು ಹಾಗೇ ಬಿಟ್ಟು, ಅದರ ಪಕ್ಕ ಕಾಲಿಂಚು ಒಳಗೆ ಇನ್ನೊಂದು ಸಾಲು ಓಡಿಸುವಳು. ಬದಿಯ ಹೊಲಿಗೆ ಹೊರಗೆ ಕಾಣುವುದಿಲ್ಲವಾದ್ದರಿಂದ ಆ ದಿನ ಯಂತ್ರದ ಮೇಲೆ ಯಾವ ಬಣ್ಣದ ದಾರ ಇರುತ್ತದೋ ಅದೇ. ಒಳಗಡೆ ಯಾರು ಬಗ್ಗಿ ನೋಡುತ್ತಾರೆ ಎಂಬುದು ಅವಳ ವಾದ.

ಇನ್ನು ಮಾವ, ಅವಳ ಗಂಡ. ಕೋರ್ಟಿನಲ್ಲಿ ಕಕ್ಷಿದಾರರ ಹೆಸರು ಹಿಡಿದು ಕೂಗುವ ಕೆಲಸ. ಬಾಗಿಲಲ್ಲಿ ನಿಂತು ಮೂರು ಸಲ ಕೂಗಿದರೆ ಹೊರಗಿನ ಚಹಾದಂಗಡಿಯಲ್ಲಿ ಕೂತವನ ಕೈಯ ಲೋಟ ನಡುಗಬೇಕು, ಅಂಥ ಗಂಟಲು. ಆ ಕೆಲಸದ ಸಂದರ್ಶನಕ್ಕೆ ಹೊರಟಾಗ ಮದುವೆಯಾಗಿ ಎಂಟು ದಿನವಂತೆ. ಸಂತೆಯಲ್ಲಿ ತಂದ ಅಂಗಿಯ ತೋಳಿನೊಳಗೆ ಅವರ ಎರಡೂ ಕೈ ಮಾಯವಾಗಿದ್ದವಂತೆ. ಹೊಸ ಹೆಂಡತಿ ಅದನ್ನು ಬಿಚ್ಚಿಸಿಕೊಂಡು, ಭುಜ ಹಿಡಿದು, ತೋಳು ಕಿತ್ತು ಕೂಡಿಸಿ, ಬದಿ ಹಿಡಿದು ಕೊಟ್ಟಳಂತೆ. ಅವತ್ತಿನಿಂದ ಮಾವ ಬೇರೆ ಯಾರ ಕೈಯ ಬಟ್ಟೆಯನ್ನೂ ತೊಡಲಿಲ್ಲ. ಮಕ್ಕಳಿರಲಿಲ್ಲ ಇಬ್ಬರಿಗೂ. ಒಬ್ಬರಿಗೊಬ್ಬರು ಮಕ್ಕಳ ಹಾಗಿದ್ದರು, ಜಗಳವೂ ಹಾಗೇ ಇತ್ತು.

ಮಾವನಿಗೆ ಬಟ್ಟೆಯ ಶೋಕಿ ಎಷ್ಟಿತ್ತೆಂದರೆ ಜಡ್ಜರೇ ಒಮ್ಮೆ, "ನಿಮ್ಮ ದರ್ಜಿ ಯಾರ್ರೀ?" ಎಂದು ಕೇಳಿದ್ದರಂತೆ. ಆ ಮಾತನ್ನು ಅವರು ವರ್ಷಗಟ್ಟಲೆ ತಲೆ ಮೇಲೆ ಹೊತ್ತು ತಿರುಗಿದರು. ಅತ್ತೆ ಸರಿ ಮಾಡಿದ ಪ್ಯಾಂಟಿಗೆ ಬೆಲ್ಟ್ ಹಾಕುವ ಹಾಗಿರಲಿಲ್ಲ, ಹಾಕಿದರೆ ಅವಳಿಗೆ ಅವಮಾನ. ಭಾನುವಾರ ಮಧ್ಯಾಹ್ನ ಇಸ್ತ್ರಿ ಮಾಡಿದ ಅಂಗಿಯನ್ನು ಅವರು ತೊಟ್ಟು ತೋರಿಸಬೇಕು. ಅವಳು ಸುತ್ತ ಒಂದು ಪ್ರದಕ್ಷಿಣೆ ಹಾಕುವಳು. ಕಂಕುಳ ಕೆಳಗೆ ಒಂದು ಸುಕ್ಕು ಜೋತಿದ್ದರೂ ಅಲ್ಲೇ ಗುಂಡುಸೂಜಿ, ಅಲ್ಲೇ ಹೊಲಿಗೆ.

"ಹಾಳಾದ ಬಟ್ಟೆ, ಒಗೆದಷ್ಟೂ ಜೋಲಾಗುತ್ತೆ," ಎನ್ನುವಳು ಹೊಲಿಯುತ್ತಾ.

"ಜೋಲಾಗಲಿ ಬಿಡು. ನೀನಿದ್ದೀಯಲ್ಲ," ಎನ್ನುವರು ಮಾವ.

ಈ ಮಾತನ್ನು ನಾನು ನನ್ನ ಕಿವಿಯಾರೆ ಎಷ್ಟು ಭಾನುವಾರ ಕೇಳಿದ್ದೇನೋ! ಅಲ್ಲೇ ಕೂತು ಚಹಾ ಕುಡಿಯುತ್ತಿದ್ದೆ. ಬಸ್ಸಿನಲ್ಲಿ ಪಾಸಿನ ಫೋಟೋಗೂ ಮುಖಕ್ಕೂ ತಾಳೆಯಿಲ್ಲದವನನ್ನು ಕ್ಷಣದಲ್ಲಿ ಹಿಡಿಯುವವಳು ನಾನು. ಮಾವ ತಟ್ಟೆಯಲ್ಲಿ ಅರ್ಧ ಊಟ ಬಿಡುವುದನ್ನು ಕಂಡೂ ಕಾಣಲಿಲ್ಲ. ಯಾವಾಗ ನೋಡಿದರೂ ಅಂಗಿ ಮೈಗೆ ಅಂಟಿದ ಹಾಗೆ ಕೂತಿರುತ್ತಿತ್ತು. ಮನುಷ್ಯ ಸೊರಗಿದ ಎಂದು ನಮಗೆ ಹೇಳುವುದು ಬಟ್ಟೆ ತಾನೇ? ಬಟ್ಟೆ ಹೇಳಲಿಲ್ಲ.

ಚಳಿಗಾಲದ ಕೊನೆಯಲ್ಲಿ ಮಾವನಿಗೆ ಸುಸ್ತು ಹೆಚ್ಚಾಯಿತು. ಮೂರನೆಯ ಸಲ ಕೂಗುವಾಗ ಉಸಿರು ಸಾಲುತ್ತಿಲ್ಲ ಎಂದರು. ಬೀದಿ ಕೊನೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅತ್ತೆ ಮಾವನ ಪಕ್ಕ ಕುರ್ಚಿಯಲ್ಲಿ ಕೂತಳು, ನಾನು ಗೋಡೆಗೆ ಒರಗಿ ನಿಂತೆ. ಡಾಕ್ಟರು ಹೊಟ್ಟೆ ಒತ್ತಿದರು, ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಹಿಂದೆ ತೂಕ ಎಷ್ಟಿತ್ತು ಎಂದು ಕೇಳಿದರೆ ಮಾವನಿಗೇನು ಗೊತ್ತು, ಹುಟ್ಟಿದಾಗಿನಿಂದ ತೂಗಿಸಿಕೊಂಡವರಲ್ಲ.

"ಹೋಗ್ಲಿ, ಇತ್ತೀಚೆಗೆ ಬಟ್ಟೆಗಳೇನಾದ್ರೂ ಸಡಿಲ ಆಗ್ತಿವೆಯಾ?" ಎಂದರು ಡಾಕ್ಟರು.

ಮಾವ ಒಂದು ಗಳಿಗೆ ಅತ್ತೆಯ ನಗುಮುಖದ ಕಡೆ ನೋಡಿದರು. ಆಮೇಲೆ ಎದೆ ಸೆಟೆಸಿ, "ಇಲ್ಲ ಡಾಕ್ಟ್ರೇ. ನೋಡಿ ಬೇಕಾದ್ರೆ, ಅಳತೆ ಕೊಟ್ಟು ಹೊಲಿಸಿದ ಹಾಗಿದೆ," ಎಂದರು. ಅತ್ತೆ ಸೆರಗು ಸರಿ ಮಾಡಿಕೊಂಡು ನಕ್ಕಳು. ನಾನೂ ನಕ್ಕೆ. ಡಾಕ್ಟರು ಅಂಗಿಯ ತೋಳನ್ನು ಮುಟ್ಟಿ ನೋಡಿ, "ಭಲೇ," ಎಂದರು. ಹಸಿವೆಗೆ ಒಂದು ಟಾನಿಕ್ ಬರೆದುಕೊಟ್ಟು ಕಳಿಸಿದರು.

ಅದಾಗಿ ನಾಲ್ಕು ತಿಂಗಳಿಗೆ, ನನ್ನ ವಾರದ ರಜೆಯ ದಿನ, ಅಪ್ಪ ನನ್ನ ಕೈಯಲ್ಲಿ ಒಂದು ಅಂಗಿ ಕೊಟ್ಟು ಕಳಿಸಿದರು. ಬೂದುಬಣ್ಣದ ದಪ್ಪ ಹತ್ತಿಯ ಅಂಗಿ. ಹಿಂದಿನ ವರ್ಷ ಒಂದೇ ಮೂಟೆಯಲ್ಲಿ ಅಂಥವೇ ಎರಡು ಸಿಕ್ಕಿದ್ದವು, ಒಂದೇ ಅಳತೆ, ಒಂದೇ ಗುಂಡಿ. ಅತ್ತೆ ಒಂದನ್ನು ಗಂಡನಿಗೂ ಒಂದನ್ನು ತಮ್ಮನಿಗೂ ಸರಿ ಮಾಡಿಕೊಟ್ಟಿದ್ದಳು. ಆಗ ಇಬ್ಬರದೂ ಒಂದೇ ಮೈಕಟ್ಟು. ಈಗ ಅಪ್ಪನಿಗೆ ಹೊಟ್ಟೆ ಬಂದು ಗುಂಡಿ ಹಾಕಲಾಗುತ್ತಿರಲಿಲ್ಲ, ಸ್ವಲ್ಪ ಬಿಚ್ಚಿಕೊಡಬೇಕಿತ್ತು.

"ನಿಮ್ಮಪ್ಪ ಕೂತು ಕೂತು ಹಂಡೆ ಆಗ್ತಿದಾನೆ," ಎಂದು ಬೈಯುತ್ತಾ ಅತ್ತೆ ಅಂಗಿಯನ್ನು ತಿರುವಿದಳು. ಬದಿಯಲ್ಲಿ ಕಾರ್ಖಾನೆಯ ಹೊಲಿಗೆ ಬಿಟ್ಟರೆ ಅವಳದು ಒಂದೇ ಸಾಲು, ಬಿಳಿ ದಾರದ್ದು. ಬ್ಲೇಡು ತೆಗೆದುಕೊಂಡಳು. ಅವಳಿಗೆ ಏನನ್ನಿಸಿತೋ, ಮೊಳೆಗೆ ತಗುಲಿಸಿದ್ದ ಮಾವನ ಅಂಗಿಯನ್ನೂ ಇಳಿಸಿ ಪಕ್ಕದಲ್ಲಿ ತಿರುವಿಟ್ಟಳು. ಅದರ ಬದಿಯಲ್ಲಿ ಐದು ಸಾಲು. ಬಿಳಿ, ನೀಲಿ, ಕಂದು, ಕಪ್ಪು, ಹಸಿರು. ಒಂದರ ಪಕ್ಕ ಒಂದು.

ಅವಳು ಬ್ಲೇಡು ಕೆಳಗಿಟ್ಟಳು. ಆಮೇಲೆ ಎರಡು ಅಂಗಿಯನ್ನೂ ಒಂದರ ಮೇಲೊಂದು ಹಾಸಿ, ಕಾಲರಿಗೆ ಕಾಲರು, ತೋಳಿಗೆ ತೋಳು, ಬೆನ್ನಿಗೆ ಬೆನ್ನು ಕೂಡಿಸಿದಳು. ಅಪ್ಪನದು ವಾರಕ್ಕೆರಡು ಸಲ ಒಗೆದದ್ದು, ಮಾವನದೂ ಅಷ್ಟೇ. ಒಂದು ಎಳೆಯಷ್ಟೂ ಹೆಚ್ಚು ಕಡಿಮೆ ಇರಲಿಲ್ಲ.

"ಬಟ್ಟೆ ಜೋಲಾಗಿಲ್ಲ ಕಣೇ," ಎಂದಳು.

ನನಗೆ ತಿಳಿಯಲಿಲ್ಲ. "ಒಳ್ಳೇದೇ ಆಯ್ತಲ್ಲ," ಎಂದೆ, ದಡ್ಡಿ.

"ಒಂದು ಸಾಲಿಗೆ ಕಾಲಿಂಚು. ಎರಡು ಬದಿ, ಹಿಂದೆ ಮುಂದೆ, ನಾಲ್ಕು ಕಡೆ ಸೇರಿ. ಒಂದು ಸಾಲಿಗೆ ಒಂದಿಂಚು." ಅವಳ ಧ್ವನಿ ಯಾರಿಗೋ ಲೆಕ್ಕ ಒಪ್ಪಿಸುವ ಹಾಗಿತ್ತು. "ಮೊದಲಿನ ಬಿಳಿ ಬಿಟ್ರೆ ನಾಲ್ಕು ಸಾಲು. ನಾಲ್ಕಿಂಚು ಇಳಿದಿದಾರೆ. ನನ್ನ ಕೈಯಾರೆ ಹಿಡಿದು ಹಿಡಿದು ಹೊಲಿದಿದೀನಿ. ನನ್ನ ಕಣ್ಣಿಗೇನಾಗಿತ್ತೇ?"

ಆಗ ನನಗೆ ತಿಳಿಯಿತು. ನೆಲ ಡೊಂಕೆಂದವಳು ಈಗ ಅವಳೇ. ಆ ಗಾದೆ ಇಬ್ಬರಿಗೂ ನೆನಪಾಗಿರಬೇಕು.

ಅವಳು ಅಂಗಿಯನ್ನು ಮಡಚಲೂ ಇಲ್ಲ, ಹಾಗೇ ಎದೆಗವಚಿಕೊಂಡು ಡಾಕ್ಟರ ಹತ್ತಿರ ಓಡಿದಳು. ಸರದಿಯಲ್ಲಿದ್ದವರು ಗಲಾಟೆ ಮಾಡಿದರೆ ನಾನು ನನ್ನ ಬಸ್ಸಿನ ಗಂಟಲು ತೆಗೆದೆ. ಅತ್ತೆ ಡಾಕ್ಟರ ಮೇಜಿನ ಮೇಲೆ ಅಂಗಿಯ ಒಳಮೈ ಬಿಡಿಸಿ ಇಟ್ಟಳು.

"ನೋಡಿ ಡಾಕ್ಟ್ರೇ. ಈ ಬಿಳಿ ಸಾಲು ಮೊದಲು ತಂದಾಗಿನದು. ನೀಲಿ ಇವಳ ಯೂನಿಫಾರ್ಮ್ ಸರಿ ಮಾಡಿದ ವಾರದ್ದು, ಚಳಿ ಶುರುವಾಗೋ ಮುಂಚೆ. ಕಂದು ಬೇಕರಿಯವನ ಕೋಟಿನ ಜೊತೆ, ಚಳಿ ಮಧ್ಯ. ಆಮೇಲೆ ನಿಮ್ಮ ಹತ್ರ ಬಂದ್ವಿ. ಸಡಿಲ ಆಗಿದೆಯಾ ಅಂತ ಕೇಳಿದ್ರಿ. ಇಲ್ಲ ಅಂದ್ವಿ. ಈ ಕಪ್ಪು, ಈ ಹಸಿರು ನಿಮ್ಮಲ್ಲಿಗೆ ಬಂದು ಹೋದಮೇಲೆ."

ಡಾಕ್ಟರು ಸಾಲುಗಳ ಮೇಲೆ ಬೆರಳಾಡಿಸಿದರು. ಈ ಸಲ ಭಲೇ ಅನ್ನಲಿಲ್ಲ. ಅವತ್ತೇ ದೊಡ್ಡಾಸ್ಪತ್ರೆಗೆ ಚೀಟಿ ಬರೆದರು.

ಹೊಟ್ಟೆಯೊಳಗೆ ಗಡ್ಡೆ. ಆಪರೇಷನ್ ಮಾಡಿದ ದೊಡ್ಡ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಆದಷ್ಟು ತೆಗೆದಿದ್ದೇವೆ, ಪೂರ್ತಿ ಆಗಲಿಲ್ಲ ಎಂದರು. ಮೊದಲೇ ಬಂದಿದ್ದರೆ ಎಂದು ನಾನು ಕೇಳಿದೆ. ಗೆಲ್ಲುವ ಅವಕಾಶ ಹೆಚ್ಚಿರುತ್ತಿತ್ತು, ಖಂಡಿತ ಎಂದು ಹೇಳಲಾರೆ ಎಂದರು. ಅತ್ತೆ ಹಿಂದೆಯೇ ನಿಂತಿದ್ದಳು, ನಾನು ನೋಡಿರಲಿಲ್ಲ.

ಮನೆಗೆ ಬಂದವಳೇ ಯಂತ್ರಕ್ಕೆ ಹಳೆಯ ಬೆಡ್‌ಶೀಟ್ ಹೊದಿಸಿದಳು. ಬಟ್ಟೆ ತಂದವರನ್ನು ಬಾಗಿಲಿಂದಲೇ ಕಳಿಸಿದಳು. "ನನ್ನ ಕೈಯೇ ಅವರ ರೋಗ ಮುಚ್ಚಿಟ್ಟಿತು ಕಣೇ. ಈ ಕೈ ಕಡಿದು ಹಾಕಬೇಕು," ಎಂದಳು ನನಗೆ. ನಾನು ಸಮಾಧಾನ ಮಾಡುವ ಜಾಯಮಾನದವಳಲ್ಲ, ರೇಗಿದೆ. "ಹಾಗಾದ್ರೆ ನನ್ನ ಕಣ್ಣೂ ಕೀಳಬೇಕು, ಆ ಡಾಕ್ಟರ ಕಣ್ಣೂ ಕೀಳಬೇಕು. ಮಾವನಿಗೆ ಮಾತ್ರ ಈ ವಿಷಯ ಹೇಳಬೇಡ. ಈಗ ಹೇಳಿ ಏನು ಪ್ರಯೋಜನ?" ಮಾವನಿಗೆ ತಿಳಿದಿದ್ದುದು ಇಷ್ಟೇ: ಡಾಕ್ಟರಿಗೆ ತಡವಾಗಿ ಅನುಮಾನ ಬಂತು, ಪರೀಕ್ಷೆ ಮಾಡಿಸಿದರು. ಅತ್ತೆ ಒಂದು ತಿಂಗಳು ಅದನ್ನು ಬಾಯಲ್ಲಿ ಕೆಂಡದ ಹಾಗೆ ಇಟ್ಟುಕೊಂಡಳು.

ಮಾವ ಎದ್ದು ಓಡಾಡುವ ಹಾಗಾದರು. ನಿವೃತ್ತಿಗೆ ಕೆಲವೇ ವಾರ ಉಳಿದಿತ್ತು. ಹಾಸಿಗೆಯಲ್ಲಿ ಮಲಗಿಕೊಂಡು ನಿವೃತ್ತನಾಗಲಾರೆ, ಕೊನೆಯ ದಿನಗಳು ಬಾಗಿಲಲ್ಲಿ ನಿಂತು ಕೂಗಿಯೇ ಬರುತ್ತೇನೆ ಎಂದು ಹಟ ಹಿಡಿದರು. ನಾನು ಔಷಧಿ ಕೊಡಲು ಹೋದ ಮಧ್ಯಾಹ್ನ ಅದೇ ಬೂದು ಅಂಗಿ ತೊಟ್ಟು ಕನ್ನಡಿಯ ಮುಂದೆ ನಿಂತಿದ್ದರು. ಆಸ್ಪತ್ರೆಯಲ್ಲಿ ಇನ್ನಷ್ಟು ಇಳಿದಿದ್ದರು. ಅಂಗಿ ಗೂಟಕ್ಕೆ ಹಾಕಿದ ಹಾಗಿತ್ತು.

"ಲೇ, ಇದನ್ನ ಸ್ವಲ್ಪ ಹಿಡಿದು ಕೊಡೇ. ಸೋಮವಾರದಿಂದ ಹೋಗ್ತೀನಿ."

"ಆಗಲ್ಲ," ಎಂದಳು ಅತ್ತೆ.

"ಆಗಲ್ಲ ಅಂದ್ರೆ?"

"ನಿಮ್ಮ ಬಟ್ಟೆಗೆ ಇನ್ನು ಸೂಜಿ ಮುಟ್ಟಿಸಲ್ಲ. ಜೋತಾಡ್ಲಿ. ಎಲ್ರಿಗೂ ಕಾಣ್ಲಿ."

"ಹುಚ್ಚು ಹಿಡಿದಿದೆಯೇನೇ? ಜಡ್ಜ್ ಮುಂದೆ ಈ ವೇಷದಲ್ಲಿ ನಿಲ್ಲಲಾ?"

ನಾನು ಕಣ್ಣಲ್ಲೇ ಬೇಡ ಬೇಡ ಎಂದೆ. ಅವಳು ನನ್ನತ್ತ ನೋಡಲೇ ಇಲ್ಲ. ಮಾವನ ಅಂಗಿಯ ಅಂಚು ಹಿಡಿದು ಮೇಲೆತ್ತಿ, ಒಳಮೈಯ ಐದು ಸಾಲು ತೋರಿಸಿದಳು. "ನೋಡ್ರೀ ಇಲ್ಲಿ. ನೀವು ಇಳೀತಾ ಇದ್ರಿ, ನಾನು ಹೊಲೀತಾ ಇದ್ದೆ. ಬಟ್ಟೆ ಜೋಲಾಗಿದೆ ಅಂತ ಬಟ್ಟೇನ ಬೈತಾ ಇದ್ದೆ. ಡಾಕ್ಟ್ರು ಕೇಳ್ದಾಗ ಪಕ್ಕದಲ್ಲಿ ಕೂತು ಹಲ್ಲು ಕಿಸಿದೆ. ನಾನು ಹೊಲೀದೆ ಇದ್ದಿದ್ರೆ ಅವತ್ತೇ ಗೊತ್ತಾಗ್ತಿತ್ತು. ನಿಮ್ಮನ್ನ ಈ ಗತಿಗೆ ತಂದಿದ್ದು ನಾನೇ." ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

ಮಾವ ಮಂಚದ ಮೇಲೆ ಕೂತರು. ಸಿಟ್ಟು ಬರುತ್ತದೆ ಅಂದುಕೊಂಡೆ. ಅವರ ಮುಖದಲ್ಲಿ ಇದ್ದದ್ದು ಆಶ್ಚರ್ಯ.

"ನಿಂಗೆ ನಿಜವಾಗ್ಲೂ ಗೊತ್ತಿರಲಿಲ್ವಾ?"

"ಏನು?"

"ನಾನು ಇಳಿದು ಹೋಗ್ತಿದೀನಿ ಅಂತ."

ಅತ್ತೆ ಇಲ್ಲವೆಂದು ತಲೆಯಾಡಿಸಿದಳು.

"ದಿನಾ ಸ್ನಾನದ ಮನೇಲಿ ನೋಡ್ಕೊಳ್ತಿದ್ದೆ," ಎಂದರು ಮಾವ. "ಪಕ್ಕೆಲುಬು ಎಣಿಸೋ ಹಾಗಾಗಿತ್ತು. ಪ್ರತಿ ಸಲ ನೀನು ಹಿಡಿದು ಹೊಲಿದು, ಬಟ್ಟೆ ಜೋಲಾಗಿದೆ ಅಂತಿದ್ದೆ. ನಲವತ್ತು ವರ್ಷ ಬಟ್ಟೆ ಜೊತೆ ಬದುಕಿದೋಳಿಗೆ ಬಟ್ಟೆ ಗೊತ್ತಿಲ್ವಾ? ಇವಳಿಗೆ ಗೊತ್ತಾಗಿದೆ, ಹೆದರ್ಕೊಂಡಿದಾಳೆ, ಬಾಯಿ ಬಿಟ್ಟು ಹೇಳೋಕೆ ಧೈರ್ಯ ಸಾಲ್ತಿಲ್ಲ ಅಂದ್ಕೊಂಡೆ. ಪಾಪ, ಇವಳೇ ಇಷ್ಟು ಕಷ್ಟಪಟ್ಟು ಮುಚ್ಚಿಡ್ತಿರುವಾಗ ನಾನ್ಯಾಕೆ ಹೇಳ್ಲಿ ಅಂತ ಸುಮ್ನಾದೆ. ಆ ಡಾಕ್ಟ್ರು ಕೇಳ್ದಾಗ ನಿನ್ನ ಮುಖ ನೋಡಿದೆ. ನೀನು ನಗ್ತಾ ಇದ್ದೆ. ಆ ನಗು ಕೆಡಿಸೋಕೆ ಮನಸ್ಸಾಗ್ಲಿಲ್ಲ."

"ಬಾಯಿರಲಿಲ್ವಾ ನಿಮಗೆ?" ಎಂದು ಅತ್ತೆ ಕೂಗಿದಳು. ಅವಳು ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಕೇಳಿಲ್ಲ. "ಊರಿನೋರ ಹೆಸರೆಲ್ಲ ಕೂಗೋ ಬಾಯಿ, ನಂಗೊಂದು ಮಾತು ಹೇಳೋಕೆ ಆಗ್ಲಿಲ್ವಾ?" ಮಂಚದ ಪಕ್ಕ ನೆಲದ ಮೇಲೆ ಕುಸಿದು, ಅವರ ಮೊಣಕಾಲಿಗೆ ತಲೆ ಚಚ್ಚಿಕೊಂಡು ಅತ್ತಳು. ಮಾವ ಅವಳ ತಲೆ ಸವರುತ್ತಾ ಕೂತರು. ಅವರೂ ಅತ್ತರು. ನಾನು ಔಷಧಿಯ ಚೀಲ ಹಿಡಿದುಕೊಂಡು ಬಾಗಿಲಲ್ಲಿ ನಿಂತೇ ಇದ್ದೆ. ಹೋಗಬೇಕೋ ಇರಬೇಕೋ ತೋಚಲಿಲ್ಲ.

ಸಂಜೆಯೊಳಗೆ ಅತ್ತೆ ಆ ಅಂಗಿಯನ್ನು ಹಿಡಿದುಕೊಟ್ಟಳು. ಮಾವ ಕೋರ್ಟಿಗೆ ಹನ್ನೊಂದು ದಿನ ಹೋದರು. ಅದಾದ ಮೇಲೆ ಒಂದು ವರ್ಷಕ್ಕಿಂತ ಸ್ವಲ್ಪ ಹೆಚ್ಚು ದಿನ ಬದುಕಿದರು. ಆ ವರ್ಷ ಅವರ ಮನೆಗೆ ಹೋದರೆ ನನಗೇ ನಾಚಿಕೆಯಾಗುವಷ್ಟು ಮಾತು. "ಇವತ್ತು ನೋವು ಜಾಸ್ತಿ." "ಇವತ್ತು ಎರಡು ತುತ್ತು ಹೆಚ್ಚು ಸೇರ್ತು." "ನಂಗೆ ಹೆದರಿಕೆ ಆಗ್ತಿದೆ ಕಣೇ." "ನಂಗೂ ಆಗ್ತಿದೆ ರೀ." ಯಾರಿದ್ದಾರೆ, ಯಾರಿಲ್ಲ ಎಂದೂ ನೋಡುತ್ತಿರಲಿಲ್ಲ. ಒಂದು ಬೆಳಿಗ್ಗೆ ಅವಳ ಕೈ ಹಿಡಿದುಕೊಂಡೇ ಹೋದರು.

ಅತ್ತೆ ಈಗ ಮತ್ತೆ ಬಟ್ಟೆ ಸರಿ ಮಾಡುತ್ತಾಳೆ. ಮೊನ್ನೆ ನನ್ನ ಕೋಟಿನ ತೋಳಿಗೆ ಸೂಜಿ ಚುಚ್ಚುತ್ತಾ ಕೂತಿದ್ದಾಗ ನಾನು, ಇಷ್ಟು ದಿನ ನುಂಗಿಕೊಂಡಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟೆ. "ಅತ್ತೆ, ಮುಂಚೆ ಗೊತ್ತಾಗಿದ್ದಿದ್ರೆ ಮಾವ ಉಳೀತಿದ್ರು ಅಂತ ಇನ್ನೂ ಕೊರಗ್ತೀಯಾ?"

ಅವಳು ಬಾಯಲ್ಲಿದ್ದ ಗುಂಡುಸೂಜಿ ತೆಗೆದಳು.

"ಉಳೀತಿದ್ರೋ ಇಲ್ವೋ, ಅದು ಆ ಡಾಕ್ಟ್ರಿಗೇ ಗೊತ್ತಿಲ್ಲ, ನಂಗೇನು ಗೊತ್ತಾಗುತ್ತೆ? ಅದಕ್ಕಲ್ಲ ಕಣೇ. ಅಷ್ಟು ತಿಂಗಳು ಅವರೊಬ್ಬರೇ ಹೆದರ್ಕೊಂಡಿದ್ರು. ನಾನು ಪಕ್ಕದಲ್ಲೇ ಮಲಗಿ ನಿದ್ದೆ ಮಾಡಿದೆ."